ಕ್ರಾಸಿಂಗ್ ಕಾಲದ ಅನುದಾನ

ಬೀಜದ ಸೀಮೆಯೊಳಗೆ ಬೀಜದ ಕೋರ್ಸು ನಡೆಸುವುದಕ್ಕೆ ಏನು ಕಷ್ಟ ಅಂತ ನೀವು ಕೇಳಿದಿರಿ. ನಾಳೆ ಪ್ರಸ್ತಾವನೆ ಬರೆಯಲು ಕೂರುವವರು ನೀವು. ಇಷ್ಟು ಲಕ್ಷಕ್ಕೆ ಇಂಥ ಯಂತ್ರ, ಇಷ್ಟು ತಾಸಿಗೆ ಇಂಥ ಉಪನ್ಯಾಸ ಅಂತ ಕಾಲಂ ತುಂಬುವವರು. ಅದಕ್ಕೇ 2008ರ ಮುಂಗಾರಿನಲ್ಲಿ ನಮ್ಮ ಕಾಲೇಜಿನಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ಕುಳ್ಳು ಇನ್ನೂ ಹೊಗೆಯಾಡುತ್ತಿದೆ. ಅದು ಕೆಂಡವಾಗಿ ಸೀತನಿ ಸುಡುವ ಹೊತ್ತಿಗೆ ಕಥೆ ಒಂದು ಹದಕ್ಕೆ ಬಂದಿರುತ್ತದೆ.

ರಾಣೆಬೆನ್ನೂರಿನ ಕಡೆಯ ಈ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಬೆರಳಿಗೆ ಕ್ರಾಸಿಂಗ್ ಕೆಲಸ ಹತ್ತಿ ಒಂದು ತಲೆಮಾರೇ ದಾಟಿದೆ. 1972ರಲ್ಲಿ ಧಾರವಾಡದ ಸಂಶೋಧಕರು ವರಲಕ್ಷ್ಮಿ ಹತ್ತಿ ಕೊಟ್ಟರು. ಆಮೇಲೆ ಜಯಲಕ್ಷ್ಮಿ ಬಂತು, ಡಿಸಿಎಚ್-32 ಅನ್ನುತ್ತಾರಲ್ಲ ಅದು. ಎರಡೂ ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್. ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಹೊಸದಾಗಿ ಮಾಡಬೇಕು, ಅದೂ ಕೈಯಿಂದಲೇ. ಮಧ್ಯಾಹ್ನ ಮೂರರ ಮೇಲೆ ಹೊಲಕ್ಕಿಳಿದು, ಮರುದಿನ ಅರಳಲಿರುವ ಮೊಗ್ಗು ಯಾವುದು ಅಂತ ನೋಡಿ, ಹೆಬ್ಬೆರಳ ಉಗುರಿನಿಂದ ಅದರ ಸುತ್ತ ಸೀಳಿ, ಹೂದಳವನ್ನೂ ಕೇಸರದ ಕೊಳವೆಯನ್ನೂ ಒಟ್ಟಿಗೇ ಕಳಚಬೇಕು. ಒಳಗಿನ ಶಲಾಕೆಗೆ ಉಗುರು ತಾಗಿದರೆ ಆ ಕಾಯಿ ಹೋಯಿತು. ಗುರುತಿಗೆ ಕೆಂಪು ತೆಳುಕಾಗದದ ಚೀಲ ತೊಡಿಸಿ ಬಂದು, ಮರುದಿನ ಮುಂಜಾನೆ ಗಂಡು ಸಾಲಿನ ಹೂವು ತಂದು ಪರಾಗ ಸವರಬೇಕು. ಟೊಮ್ಯಾಟೊ ಪ್ಲಾಟಿನಲ್ಲಾದರೆ ಪರಾಗ ತುಂಬಿದ ಉಂಗುರವನ್ನು ಬೆರಳಿಗೇ ಹಾಕಿಕೊಂಡಿರುತ್ತಾರೆ. ಕ್ರಾಸ್ ಆದ ಹೂವಿನ ಪುಷ್ಪಪತ್ರದ ತುದಿ ಕತ್ತರಿಸಿಬಿಡುತ್ತಾರೆ, ಹಣ್ಣಾದ ಮೇಲೂ ಗುರುತು ಸಿಗಲಿ ಅಂತ. ಹತ್ತಿಯಲ್ಲಿ ಈ ಕೆಲಸ ಎರಡು ತಿಂಗಳು ಒಂದೇ ಸಮ ನಡೆಯುತ್ತದೆ, ಭಾನುವಾರ, ಹಬ್ಬ, ಹುಣ್ಣಿವೆ ಯಾವುದೂ ಇಲ್ಲ. ಸಣ್ಣ ಹುಡುಗಿಯರನ್ನೂ ಶಾಲೆ ಬಿಡಿಸಿ ಈ ಪ್ಲಾಟುಗಳಿಗೆ ಇಳಿಸುತ್ತಿದ್ದ ಕಾಲವದು. ಆಂಧ್ರದಲ್ಲೂ ನಮ್ಮಲ್ಲೂ ಅದು ದೊಡ್ಡ ಚರ್ಚೆಯಾಯಿತು, ಆಗಬೇಕಾದದ್ದೇ. ನಮ್ಮ ಕಾಲೇಜಿಗೆ ಬರುತ್ತಿದ್ದ ಹುಡುಗಿಯರಲ್ಲಿ ಅನೇಕರು ಹೈಸ್ಕೂಲಿಗೆ ಹೋಗುವ ಮೊದಲೇ ಈ ಕೆಲಸ ಕಲಿತವರು.

ಆ ಹುಡುಗಿಯರಿಗೆ ನಾನು ಸಸ್ಯಶಾಸ್ತ್ರದ ಪಾಠ ಮಾಡುತ್ತಿದ್ದೆ. ಹೂವಿನ ಚಿತ್ರ ಬರೆಸಿ, ಕೇಸರ ಇದು, ಅಂಡಾಶಯ ಇದು ಅಂತ ಬಾಣದ ಗುರುತು ಹಾಕಿಸುತ್ತಿದ್ದೆ. ಅವರು ಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. ಪದವಿ ಮುಗಿದ ಮೇಲೆ ಬಿ.ಎಡ್. ಸೀಟು ಸಿಕ್ಕರೆ ಬಿ.ಎಡ್., ಇಲ್ಲವಾದರೆ ಮದುವೆ. ಅದೇ ಹೊಲದ ಬೀಜ ಹೋಗಿ ಸೇರುವ ಪ್ರಯೋಗಾಲಯಗಳಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತವರೆಲ್ಲ ಬೇರೆ ಊರಿನವರು. ಈ ಎರಡರ ನಡುವೆ ದಾರಿಯೊಂದು ಬೇಕಲ್ಲ ಅಂತ ನಾವು ನಾಲ್ಕು ಜನ ಅಧ್ಯಾಪಕರು ಮಾತಾಡಿಕೊಂಡೆವು.

ಆಗ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಒಂದು ಯೋಜನೆಯಿತ್ತು, ನಾವೆಲ್ಲ ಆ್ಯಡ್ ಆನ್ ಕೋರ್ಸು ಅಂತಲೇ ಕರೆಯುತ್ತಿದ್ದೆವು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುತ್ತಲೇ ಪಕ್ಕದಲ್ಲಿ ವೃತ್ತಿಗೆ ಹತ್ತಿರದ ಇನ್ನೊಂದು ಕೋರ್ಸು. ಮೊದಲ ಹಂತಕ್ಕೆ 20 ಕ್ರೆಡಿಟ್ ಆದರೆ ಸರ್ಟಿಫಿಕೇಟ್, 40 ಆದರೆ ಡಿಪ್ಲೊಮಾ, 60 ಆದರೆ ಅಡ್ವಾನ್ಸ್ಡ್ ಡಿಪ್ಲೊಮಾ. ಒಂದು ಕ್ರೆಡಿಟ್ ಅಂದರೆ 15 ತಾಸಿನ ಕೆಲಸ. 2(ಎಫ್) ಮತ್ತು 12(ಬಿ) ಮಾನ್ಯತೆ ಇದ್ದ ಕಾಲೇಜುಗಳು ಅರ್ಜಿ ಹಾಕಬಹುದಿತ್ತು. 2007ರಿಂದ 2012ರವರೆಗಿನ ಹನ್ನೊಂದನೇ ಯೋಜನೆಯ ಕಾಲದಲ್ಲಿ ವಿಜ್ಞಾನದ ಕೋರ್ಸೊಂದಕ್ಕೆ ಐದು ವರ್ಷಕ್ಕೆಂದು 10 ಲಕ್ಷ ರೂಪಾಯಿ, ಕಲೆ-ವಾಣಿಜ್ಯದ್ದಕ್ಕೆ 7 ಲಕ್ಷ. ಆಮೇಲೆ ಕಾಲೇಜು ತನ್ನ ಕಾಲ ಮೇಲೆ ನಿಂತು ನಡೆಸಿಕೊಳ್ಳಬೇಕು. ನಾವು ಬೀಜ ತಂತ್ರಜ್ಞಾನ ಅಂತ ಅರ್ಜಿ ಹಾಕಿದೆವು.

ಮಂಜೂರಾತಿಯ ಪತ್ರ ಕೈಗೆ ಬಂದ ವಾರ ನನಗೆ ಮರೆಯುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ತೀರಿಕೊಂಡಿದ್ದರು. ಬಸ್ಸುಗಳು ಸರಿಯಾಗಿ ಓಡುತ್ತಿರಲಿಲ್ಲ, ಹುಡುಗರ ಮುಖ ಬಿಗಿದಿದ್ದವು, ಯಾರ ಮನೆಯಲ್ಲೂ ಬಿತ್ತನೆಯ ಮಾತಿಗಿಂತ ಆ ಸುದ್ದಿಯೇ ಹೆಚ್ಚು. ಪ್ರಿನ್ಸಿಪಾಲರು ಪತ್ರವನ್ನು ಮೇಜಿನ ಮೇಲಿಟ್ಟು, "ಇಂಥ ಹೊತ್ತಿನ್ಯಾಗ ಬಂದೈತಿ. ಈ ರೊಕ್ಕ ಈ ಮಕ್ಕಳ ಮನಿ ತನಕ ಮುಟ್ಟಬೇಕು ನೋಡ್ರಿ ಮೇಡಂ" ಅಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಬೀಜ ಮೊಳೆಸುವ ಜರ್ಮಿನೇಟರ್, ತೇವಾಂಶ ಅಳೆಯುವ ಮೀಟರ್, ಬೀಜದ ರಾಶಿಯಿಂದ ಸಮನಾಗಿ ಮಾದರಿ ತೆಗೆಯುವ ಡಿವೈಡರ್ ಎಲ್ಲಕ್ಕೂ ದರಪಟ್ಟಿ ತರಿಸಿದೆವು. ವೇಳಾಪಟ್ಟಿ ಹಾಕಿದೆವು: ಪದವಿ ತರಗತಿ ಮುಗಿದ ಮೇಲೆ ಮೂರೂವರೆಯಿಂದ ಐದೂವರೆ. ಬಹಳ ಮಕ್ಕಳು ಹೆಸರು ಬರೆಸಿದರು, ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಜುಲೈ ತುಂಬಾ ಕೋಣೆ ಕಿಕ್ಕಿರಿದಿತ್ತು. ಆಗಸ್ಟ್ ಎರಡನೇ ವಾರ ದಾಟುತ್ತಿದ್ದಂತೆ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಹತ್ತಿ ಮೊಗ್ಗು ಬಿಟ್ಟಿತ್ತು.

ನಾನು ಒಂದು ಮಧ್ಯಾಹ್ನ ಬಸ್ಸು ಹಿಡಿದು ಹೋದೆ. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಒಬ್ಬ ಹುಡುಗಿಯಿದ್ದಳು, ಮೊದಲ ವರ್ಷದ ಬಿ.ಎಸ್ಸಿ. ಅವಳ ಮನೆ ಕೇಳಿಕೊಂಡು ಹೋದರೆ ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು, ಹೊಲದ ಹಾದಿ ತೋರಿಸಿದಳು. ಅವಳಪ್ಪ ಆ ವರ್ಷ ಒಂದೆಕರೆ ಸೀಡ್ಸ್ ಪ್ಲಾಟ್ ಹಾಕಿದ್ದ. ಕಂಪನಿಯ ಪರವಾಗಿ ಆರ್ಗನೈಸರ್ ಅಂತ ಒಬ್ಬನಿರುತ್ತಾನಲ್ಲ, ಅವನಿಂದ ಮುಂಗಡ ತೆಗೆದುಕೊಂಡಿದ್ದ. ಹತ್ತಿ ಸಾಲಿನ ನಡುವೆ ಹುಡುಗಿ ಕಾಣಿಸಿದಳು. ನಾನು ಹತ್ತಿರ ಹೋಗುವವರೆಗೂ ಅವಳಿಗೆ ಗೊತ್ತಾಗಲಿಲ್ಲ. ಎಡಗೈ ಮೊಗ್ಗನ್ನು ಹುಡುಕುತ್ತಿತ್ತು, ಬಲಗೈ ಸೀಳಿ ಕಳಚುತ್ತಿತ್ತು, ಎರಡು ಕೈಗೂ ನಡುವೆ ಬಿಡುವೇ ಇಲ್ಲ. ಪ್ರಯೋಗಾಲಯದಲ್ಲಿ ನಾನು ಚಿಮಟದಿಂದ ಒಂದು ಹೂ ತೋರಿಸಿ ಮುಗಿಸುವ ಹೊತ್ತಿನಲ್ಲಿ ಅವಳು ಒಂದು ಸಾಲು ಮುಗಿಸುತ್ತಿದ್ದಳು.

"ಮೇಡಂ, ಇಲ್ಲಿ ತನಕ ಯಾಕ ಬಂದ್ರಿ? ಕೆಸರೈತ್ರಿ" ಅಂದಳು.

ಅವಳವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕಾರ, ಅಕೀನ ಕರಕೊಂಡು ಹೋಗಾಕ ಬಂದೀರೇನ್ರಿ? ಮೊಗ್ಗು ಕಾಯಂಗಿಲ್ರಿ. ಇವತ್ತು ಬಿಟ್ರ ನಾಳೆ ಅರಳಿ ಕುಂದರ್ತಾವ. ಆಳಿನ ಪಗಾರ ಕೊಟ್ಟು ಪೂರೈಸಂಗಿಲ್ಲ."

ಆ ಮಾತಿಗೆ ಎದುರಾಡಲು ಏನಿತ್ತು? ನಾನು ಬದುವಿನ ಮೇಲೆ ಕೂತೆ. ಹುಡುಗಿ ಕೆಲಸ ಬಿಡದೆ ಮಾತಾಡಿದಳು. ಯಾವ ಮೊಗ್ಗು ನಾಳೆ ಅರಳುತ್ತದೆ ಅಂತ ಬಣ್ಣ ನೋಡಿ ಹೇಗೆ ಹೇಳುತ್ತೇವೆ, ಮಳೆ ಬಂದ ಮುಂಜಾನೆ ಪರಾಗ ಹೇಗೆ ಅಂಟುವುದಿಲ್ಲ, ಕಣ್ಣು ತಪ್ಪಿ ಅರಳಿದ ಹೂವನ್ನು ಮರುದಿನ ಕಿತ್ತು ಹಾಕಬೇಕು, ಇಲ್ಲವಾದರೆ ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟಿ ಬೀಜ ಕೆಡಿಸುತ್ತದೆ. ನಾನು ಎರಡನೇ ಹಂತದ ಡಿಪ್ಲೊಮಾಕ್ಕೆ ಇಟ್ಟುಕೊಂಡಿದ್ದ ಪಾಠ ಅದು. ಅವಳಿಗೆ ತಿಳಿಯದೆ ಇದ್ದದ್ದು ಒಂದೇ, ಬೀಜ ಚೀಲ ಸೇರಿ ಹೋದ ಮೇಲೆ ಅದಕ್ಕೆ ಏನಾಗುತ್ತದೆ ಅನ್ನುವುದು. "ಕಂಪನಿಯವರು ಟೆಸ್ಟ್ ಮಾಡ್ತಾರಂತ್ರಿ. ಪಾಸಾದ್ರ ರೊಕ್ಕ, ಫೇಲಾದ್ರ ಇಲ್ಲ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲೇ ನನಗೆ ಒಂದು ಯೋಚನೆ ಹೊಳೆಯಿತು. ಯೋಜನೆಯ ಮಾರ್ಗಸೂಚಿಯಲ್ಲಿ ಕ್ರೆಡಿಟ್ಟಿನ ಒಂದು ದೊಡ್ಡ ಪಾಲು ಕ್ಷೇತ್ರ ಕಾರ್ಯಕ್ಕೆ ಇರಬೇಕು ಅಂತಲೇ ಇತ್ತು. ಹಾಗಿದ್ದರೆ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಇವರು ಹೊಲದಲ್ಲಿ ಮಾಡುತ್ತಿರುವುದನ್ನೇ ಕ್ಷೇತ್ರ ಕಾರ್ಯ ಅಂತ ಏಕೆ ಎಣಿಸಬಾರದು? ಲೆಕ್ಕ ಇಡಲಿ, ದಿನಚರಿ ಬರೆಯಲಿ, ನಾವು ಹೊಲಕ್ಕೆ ಹೋಗಿ ನೋಡಿ ಸಹಿ ಹಾಕೋಣ. ಥಿಯರಿಯನ್ನೂ ಪ್ರಯೋಗಗಳನ್ನೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಹತ್ತಿ ಬಿಡಿಸಿದ ಮೇಲೆ ಇಟ್ಟುಕೊಳ್ಳೋಣ. ಕೂಲಿಯೂ ತಪ್ಪುವುದಿಲ್ಲ, ಕೋರ್ಸೂ ತಪ್ಪುವುದಿಲ್ಲ.

ಪ್ರಿನ್ಸಿಪಾಲರು ಕೇಳಿದ ಕೂಡಲೇ ಒಪ್ಪಿದರು. ಒಪ್ಪದೇ ಹೋದದ್ದು ಕಚೇರಿ. ನಮ್ಮ ಸೂಪರಿಂಟೆಂಡೆಂಟರು ಕೆಟ್ಟವರಲ್ಲ, ಲೆಕ್ಕದಲ್ಲಿ ಬಹಳ ಶುದ್ಧ ಮನುಷ್ಯ. ಅವರ ಆತಂಕ ಬೇರೆ. ಅನುದಾನದ ಕಾಲ ಏಪ್ರಿಲ್‌ನಿಂದ ಮಾರ್ಚ್. ಅರ್ಧ ವರ್ಷ ಕಳೆದರೂ ತರಗತಿಯ ಹಾಜರಿ ಇಲ್ಲ, ಅತಿಥಿ ಉಪನ್ಯಾಸಕರ ಗೌರವಧನದ ಖರ್ಚಿಲ್ಲ ಅಂದರೆ ಬಳಕೆ ಪ್ರಮಾಣಪತ್ರದಲ್ಲಿ ಏನು ತೋರಿಸುವುದು? ಲೆಕ್ಕ ಪರಿಶೋಧಕರು ಸಹಿ ಹಾಕದಿದ್ದರೆ ಮುಂದಿನ ಕಂತು ಬರುವುದಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆ: ಕೂಲಿ ಪಡೆಯುವ ಕೆಲಸಕ್ಕೆ ಕ್ರೆಡಿಟ್ ಕೊಡಬಹುದೇ? ಸ್ವಂತ ಹೊಲದ್ದಾದರೆ ಒಂದು ಮಾತು, ಬೇರೆಯವರ ಪ್ಲಾಟಿನಲ್ಲಿ ಪಗಾರಕ್ಕೆ ದುಡಿದರೆ ಅದು ಓದು ಹೇಗಾಗುತ್ತದೆ? ಈ ಪ್ರಶ್ನೆಯ ಮೇಲೆ ಸಿಬ್ಬಂದಿ ಸಭೆಯಲ್ಲಿ ಬಹಳ ಹೊತ್ತು ಮಾತಾಯಿತು. ನಾನು ಅಂದೆ, ಡಾಕ್ಟರಿಕೆ ಓದುವವರಿಗೆ ಹೌಸ್‌ಮನ್‌ಶಿಪ್‌ನಲ್ಲಿ ಭತ್ಯೆ ಕೊಡುತ್ತಾರೆ, ಅದಕ್ಕೆ ಯಾರೂ ಅದನ್ನು ಓದಲ್ಲ ಅನ್ನುವುದಿಲ್ಲ. ರೈತರ ಮಕ್ಕಳು ದುಡ್ಡು ತೆಗೆದುಕೊಂಡು ಕಲಿತರೆ ಮಾತ್ರ ನಮಗೆ ಯಾಕೆ ಕಸಿವಿಸಿ? ಈಗಲೂ ನನ್ನ ಅಭಿಪ್ರಾಯ ಅದೇ. ಕೊನೆಗೆ ಕೋರ್ಸಿನ ಪಠ್ಯವನ್ನೂ ಕ್ಯಾಲೆಂಡರನ್ನೂ ಹೊಸದಾಗಿ ಬರೆದು ವಿಶ್ವವಿದ್ಯಾಲಯದ ಒಪ್ಪಿಗೆಗೆ ಕಳಿಸಿದೆವು. ಒಪ್ಪಿಗೆ ಬಂತು. ಜರ್ಮಿನೇಟರ್ ಮತ್ತು ಪುಸ್ತಕಗಳ ಖರ್ಚನ್ನು ಮೊದಲ ಅರ್ಧದಲ್ಲಿ ಮಾಡಿ, ಗೌರವಧನವನ್ನು ಎರಡನೇ ಅರ್ಧಕ್ಕೆ ಸರಿಸಿ, ಮಾರ್ಚ್ 31ಕ್ಕೆ ಲೆಕ್ಕ ಕೂಡುವ ಹಾಗೆ ಸೂಪರಿಂಟೆಂಡೆಂಟರೇ ದಾರಿ ಹುಡುಕಿದರು.

ದಿನಚರಿ ಅಂದರೆ ಇನ್ನೂರು ಪುಟದ ಸಾದಾ ನೋಟ್‌ಬುಕ್ಕು. ದಿನಾಂಕ, ಆ ಸಂಜೆ ಕಳಚಿದ ಮೊಗ್ಗು ಎಷ್ಟು, ಮರುದಿನ ಕ್ರಾಸ್ ಮಾಡಿದ್ದು ಎಷ್ಟು, ಕಣ್ಣು ತಪ್ಪಿ ಅರಳಿದ ಹೂವು ಎಷ್ಟು ಕಿತ್ತರು, ಆಳು ಎಷ್ಟು ಜನ, ಮಳೆ ಬಂತೋ ಇಲ್ಲವೋ. ಇಷ್ಟೇ. ಆರ್ಗನೈಸರ್‌ಗಳು ಮೊದಲು ಗುರ್ರೆಂದರು. ಗಂಡು ಸಾಲು ಹೆಣ್ಣು ಸಾಲಿನ ತಳಿ ಯಾವುದು ಅನ್ನುವುದು ಕಂಪನಿಯ ಗುಟ್ಟು, ಕಾಲೇಜಿನವರಿಗೆ ಯಾಕೆ ಅದೆಲ್ಲ ಅಂತ. ನಾವು ತಳಿಯ ಹೆಸರೇ ಬರೆಸುವುದಿಲ್ಲ, ಪ್ಲಾಟಿಗೆ ಒಂದು ನಂಬರು ಕೊಟ್ಟರೆ ಸಾಕು ಅಂದ ಮೇಲೆ ಸುಮ್ಮನಾದರು. ನಾನೂ ನನ್ನ ಸಹೋದ್ಯೋಗಿಗಳೂ ಸರದಿಯ ಮೇಲೆ ಹೊಲ ತಿರುಗಿದೆವು. ಬರೆಯುವುದಕ್ಕೆ ಕೆಲವರು ಬೇಸರಪಟ್ಟರು, ಒಂದಿಬ್ಬರು ವಾರದ ಲೆಕ್ಕವನ್ನು ಒಂದೇ ಸಲ ಕೂತು ತುಂಬಿಸಿದರು, ಶಾಯಿಯ ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಆ ಹುಡುಗಿಯ ಪುಸ್ತಕ ಹಾಗಿರಲಿಲ್ಲ. ಅದರಲ್ಲಿ ಮಣ್ಣಿನ ಬೆರಳಚ್ಚು ಇದ್ದವು, ಮಳೆಗೆ ಹರಡಿದ ಅಕ್ಷರಗಳಿದ್ದವು, ದಿನ ತಪ್ಪಿರಲಿಲ್ಲ.

ತಮ್ಮಾ, ಕುಳ್ಳು ಇನ್ನೊಂದೆರಡು ಸರಿಸು, ಆ ಕಡೆಯ ತೆನೆಗೆ ಕಾವು ಹತ್ತುತ್ತಿಲ್ಲ.

ಡಿಸೆಂಬರ್‌ನಲ್ಲಿ ಮಕ್ಕಳು ಕೋಣೆಗೆ ಮರಳಿದರು. ಆ ನಾಲ್ಕು ತಿಂಗಳ ಪಾಠದಷ್ಟು ಖುಷಿ ನನಗೆ ಯಾವ ಪಾಠವೂ ಕೊಟ್ಟಿಲ್ಲ. ನೂರು ನೂರರಂತೆ ನಾಲ್ಕು ಪಾಲು, ಒಟ್ಟು 400 ಬೀಜ ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ ಮೊಳಕೆ ಬರಿಸುವುದು, ಗೋವಿನಜೋಳವಾದರೆ ಏಳನೇ ದಿನ ಎಣಿಸಬೇಕು, ಹತ್ತಿಯಾದರೆ ಹನ್ನೆರಡನೇ ದಿನ. ಬರೀ ಮೊಳೆತರೆ ಸಾಲದು, ಬೇರು ಕಾಂಡ ಎರಡೂ ನೆಟ್ಟಗಿರುವ ಸಸಿ ಯಾವುದು, ಸೊಟ್ಟ ಸಸಿ ಯಾವುದು ಅಂತ ಬೇರ್ಪಡಿಸಬೇಕು. ಆಗ ಲೋಡ್ ಶೆಡ್ಡಿಂಗ್ ಕಾಲ, ಜರ್ಮಿನೇಟರ್ ದಿನದಲ್ಲಿ ಅದೆಷ್ಟೋ ಹೊತ್ತು ಸತ್ತು ಬಿದ್ದಿರುತ್ತಿತ್ತು. ಆಗ ಅದೇ ಹುಡುಗಿ, "ನಮ್ಮಾಯಿ ಗ್ವಾಣಿಚೀಲದಾಗ ಸುತ್ತಿ ಇಡ್ತಾಳ್ರಿ ಮೇಡಂ" ಅಂದಳು. ಒದ್ದೆ ಗೋಣಿತಟ್ಟಿನಲ್ಲಿ ಬೀಜ ಸಾಲಾಗಿ ಇಟ್ಟು ಸುರುಳಿ ಸುತ್ತಿ ನೆರಳಿನಲ್ಲಿಡುವುದು ಈ ಕಡೆ ಹಳೆಯ ಪದ್ಧತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಕರೆಂಟು ಕೈಕೊಟ್ಟ ವಾರಗಳಲ್ಲಿ ಗೋಣಿಸುರುಳಿಯೇ ನಮ್ಮನ್ನು ಕಾಪಾಡಿತು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ಕರೆದುಕೊಂಡು ಹೋದೆವು. ಕ್ಷೇತ್ರ ಕಾರ್ಯದ ಲೆಕ್ಕದಲ್ಲಿ ಬಸ್ಸು ಮಾಡಲು ಅವಕಾಶವಿತ್ತು. ದಿನಾ ಕಾಲೇಜಿಗೆ ಬರುವ ಬಸ್ಸಿಗೆ ಮಾತ್ರ ಯಾವ ಲೆಕ್ಕದಲ್ಲೂ ಜಾಗವಿರಲಿಲ್ಲ.

ಇನ್ನು ನಾನು ಹೇಳಬೇಕಾದ ಸಂಗತಿ 2009ರ ಬೇಸಿಗೆಯದು.

ಮೇ ತಿಂಗಳು. ರಜೆ. ನಾನು ಮೌಲ್ಯಮಾಪನ ಮುಗಿಸಿ ಕಾಲೇಜಿಗೆ ಬಂದಿದ್ದೆ. ಆ ಹುಡುಗಿಯ ಅಪ್ಪ ವರಾಂಡದಲ್ಲಿ ನಿಂತಿದ್ದ, ಪಕ್ಕದಲ್ಲಿ ಮಗಳು. ಅವನ ಕೈಯಲ್ಲಿ ಮಡಿಚಿ ಮಡಿಚಿ ಮೆತ್ತಗಾದ ಒಂದು ಚೀಟಿ. ಜಿ.ಓ.ಟಿ. ಫೇಲ್ ಅಂತ ಆರ್ಗನೈಸರ್ ಕೊಟ್ಟದ್ದು. ಜಿ.ಓ.ಟಿ. ಅಂದರೆ, ರೈತ ಕೊಟ್ಟ ಬೀಜದ ಮಾದರಿಯನ್ನು ಹೊಲದಲ್ಲಿ ಬಿತ್ತಿ, ಬೆಳೆದ ಗಿಡಗಳಲ್ಲಿ ನಿಜವಾದ ಹೈಬ್ರಿಡ್ ಎಷ್ಟು, ತಾಯಿ ಗಿಡದ ಹಾಗೇ ಉಳಿದವು ಎಷ್ಟು ಅಂತ ಎಣಿಸುವ ಪರೀಕ್ಷೆ. ಪ್ರಮಾಣೀಕರಣದ ನಿಯಮದಲ್ಲಿ ಹೈಬ್ರಿಡ್ ಹತ್ತಿಗೆ ನೂರಕ್ಕೆ 90 ಆದರೂ ಶುದ್ಧವಿರಬೇಕು. ಈ ಮನುಷ್ಯನ ಬೀಜ ಅದಕ್ಕೆ ಸ್ವಲ್ಪದರಲ್ಲಿ ತಪ್ಪಿತ್ತು. ಬೀಜದ ಬೆಲೆ ಸಿಗಲಿಲ್ಲ, ಮುಂಗಡ ತಲೆಯ ಮೇಲೆ ಉಳಿಯಿತು.

"ಅಕ್ಕಾರ, ನಮಗ ಇಂಗ್ಲೀಷ್ ಬರಂಗಿಲ್ಲ. ಸುಳ್ಳು ಬರದಾರೋ ಖರೇ ಬರದಾರೋ ನೀವs ಹೇಳ್ರಿ. ನೀವು ಸುಳ್ಳು ಅಂದ್ರ ನಾ ಅವ್ರ ಕೂಡ ಜಗಳಕ್ಕ ಹೋಗ್ತೀನಿ" ಅಂದ.

ನಾನು ಚೀಟಿ ಬಿಚ್ಚುವಷ್ಟರಲ್ಲಿ ಹುಡುಗಿ ತನ್ನ ಚೀಲದಿಂದ ಆ ನೋಟ್‌ಬುಕ್ಕು ತೆಗೆದಳು. ಮನೆಯಿಂದಲೇ ತಂದಿದ್ದಳು. ಅಪ್ಪನ ಎದುರು ಕೂತು ಪುಟ ತಿರುವಿದಳು. ಗಣೇಶನ ಹಬ್ಬದ ಸುತ್ತಲಿನ ದಿನಗಳು. ಆಳಿನ ಕಾಲಮ್ಮಿನಲ್ಲಿ ಆರು ಇದ್ದದ್ದು ಎರಡಾಗಿದೆ. ಕಳಚಿದ ಮೊಗ್ಗಿನ ಲೆಕ್ಕ ಅರ್ಧಕ್ಕೆ ಇಳಿದಿದೆ. ಗಿಡದಲ್ಲಿ ಮೊಗ್ಗು ಕಡಿಮೆಯಾಗಿರಲಿಲ್ಲ, ಕೈ ಕಡಿಮೆಯಾಗಿತ್ತು. ಮರುದಿನ ಕಿತ್ತು ಹಾಕಿದ ಹೂವಿನ ಕಾಲಮ್ಮು ಮೂರು ದಿನ ಖಾಲಿ, ಮಳೆ ಅಂತ ಬರೆದಿದೆ.

"ಅಪ್ಪಾ, ಇಲ್ಲಿ ನೋಡು. ಈ ಮೂರು ದಿನ ಅರಳಿದ ಹೂವು ನಾವು ಕೀಳಲೇ ಇಲ್ಲ. ಅವೆಲ್ಲ ತಾವs ಕಾಯಿ ಕಟ್ಟ್ಯಾವು. ಆ ಬೀಜ ಬಿತ್ತಿದ್ರ ಹೆಣ್ಣು ಸಾಲಿನ ಗಿಡನs ಬರ್ತಾವು. ಅವ್ರು ಎಣಿಸಿದ್ದು ಅವನ್ನ."

ಅವನು ಬಹಳ ಹೊತ್ತು ಆ ಪುಟ ನೋಡಿದ. ಓದಲು ಬರುವಷ್ಟು ಕನ್ನಡ ಅವನಿಗೆ ಬರುತ್ತಿತ್ತು. "ಹಂಗಾದ್ರ ಆ ಮೂರು ದಿನದ ಕಾಯಿ ಬ್ಯಾರೆ ಬಿಡಿಸಿ ಇಟ್ಟಿದ್ರ ಉಳದದ್ದು ಪಾಸಾಗ್ತಿತ್ತೇನು?" ಅಂತ ಕೇಳಿದ, ನನ್ನನ್ನಲ್ಲ, ಮಗಳನ್ನು. ಕಾಗದದ ಚೀಲ ಇಲ್ಲದ ಕಾಯಿಗಳನ್ನೆಲ್ಲ ಮೊದಲೇ ಬೇರೆ ಬಿಡಿಸಿಬಿಟ್ಟರೆ ಆಗುತ್ತದೆ ಅಂತ ಅವಳು ಹೇಳಿದಳು. ಅವನು ತಲೆಯಾಡಿಸಿದ. ಆ ಪ್ರಶ್ನೆ ಕೇಳಿ ನನಗೆ ಮೈ ಜುಮ್ಮೆಂದಿತು. ಹೊಲದ ಯಜಮಾನ ಮೊದಲ ವರ್ಷದ ಬಿ.ಎಸ್ಸಿ. ಹುಡುಗಿಯ ಹತ್ತಿರ ಮುಂದಿನ ಬೆಳೆಯ ಸಲಹೆ ಕೇಳುತ್ತಿದ್ದ. ಅನುದಾನದ ವರದಿಯಲ್ಲಿ ಇದನ್ನು ಬರೆಯುವ ಕಾಲಂ ಇರಲಿಲ್ಲ. ನಾನು ಕೊನೆಗೆ ವಿಶೇಷ ಷರಾ ಅನ್ನುವ ಕಡೆ ಬರೆದೆ.

ಅಲ್ಲಿಂದ ಮುಂದಿನದು ಬೇಗ ಹೇಳುತ್ತೇನೆ. ಮುಂದಿನ ಎರಡು ವರ್ಷ ಅವಳು ಅಪ್ಪನ ಪ್ಲಾಟನ್ನು ತಾನೇ ನೋಡಿಕೊಂಡಳು, ಬೀಜ ಪಾಸಾಯಿತು. ಮೊದಲ ತಂಡದಲ್ಲಿ ಕೆಲವರು ಸರ್ಟಿಫಿಕೇಟಿಗೇ ನಿಂತರು, ಕೆಲವು ಹುಡುಗಿಯರಿಗೆ ಮದುವೆಯಾಯಿತು, ಒಬ್ಬ ಹುಡುಗ ಆರ್ಗನೈಸರನ ಹತ್ತಿರವೇ ಫೀಲ್ಡ್ ಸೂಪರ್‌ವೈಸರ್ ಆದ. 2011ರಲ್ಲಿ ಅವಳ ಪದವಿಯೂ ಅಡ್ವಾನ್ಸ್ಡ್ ಡಿಪ್ಲೊಮಾವೂ ಒಟ್ಟಿಗೆ ಮುಗಿದವು. ಹೈದರಾಬಾದಿನ ಹತ್ತಿರದ ಮೇಡ್ಚಲ್‌ನಲ್ಲಿ ಪ್ರಯೋಗಾಲಯ ಇದ್ದ ಒಂದು ಬೀಜ ಕಂಪನಿಯವರು ಟ್ರೇನಿಗಳನ್ನು ಆರಿಸಲು ಬಂದರು. ಅವಳು ಅಂಕಪಟ್ಟಿಯ ಜೊತೆಗೆ ಮೂರು ವರ್ಷದ ಮೂರು ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟಳಂತೆ. ಸಂದರ್ಶನ ಮಾಡಿದವರು ಅವನ್ನೇ ತಿರುವುತ್ತ ಕೂತರು. ಕೆಲಸ ಸಿಕ್ಕಿತು.

ಕೆಲಸ ಸಿಕ್ಕ ಮೇಲೆ ಕಷ್ಟ ಶುರುವಾಯಿತು ಅಂದರೆ ನಿಮಗೆ ಆಶ್ಚರ್ಯ ಆಗಬಹುದು. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಹೈದರಾಬಾದಿಗೆ ಹೋಗುವ ರೈಲಿನ ಚಾರ್ಜು. ಹುಡುಗಿಯರ ಪಿ.ಜಿ.ಯಲ್ಲಿ ಮುಂಗಡ. ಒಂದು ತಿಂಗಳ ಊಟ. ಕಾಲಿಗೆ ಮುಚ್ಚಿದ ಬೂಟು ಕಡ್ಡಾಯ, ಎರಡು ಜೊತೆ ಬಟ್ಟೆ. ಜೊತೆಗೆ ಬಿಟ್ಟು ಬರಲು ಹೋಗುವ ಅಪ್ಪನ ಖರ್ಚು. ಮೊದಲ ಪಗಾರ ಕೈಗೆ ಬರುವುದು ತಿಂಗಳ ಮೇಲೆ. ಆ ಮನೆಯಲ್ಲಿ ಜೂನ್ ಅಂದರೆ ಬಿತ್ತನೆ, ಕೈಯಲ್ಲಿದ್ದದ್ದೆಲ್ಲ ಮಣ್ಣಿಗೆ ಹೋಗಿರುತ್ತದೆ. ಅವಳವ್ವ, "ಒಂದು ವರ್ಷ ಬಿಟ್ಟು ಹೋಗಲಿ ಬಿಡ್ರಿ ಅಕ್ಕಾರ" ಅಂದಳು. ಒಂದು ವರ್ಷ ಬಿಟ್ಟರೆ ಆ ಕೆಲಸ ಇರುವುದಿಲ್ಲ, ಒಂದು ವರ್ಷದಲ್ಲಿ ಬೇರೆ ಮಾತುಕತೆಯೂ ನಡೆದುಬಿಡುತ್ತದೆ. ಮೂರು ವರ್ಷ ಅನುದಾನದಿಂದ ಕಟ್ಟಿದ್ದು ಬಸ್ ಸ್ಟ್ಯಾಂಡಿನಲ್ಲಿ ನಿಂತುಬಿಡುತ್ತಿತ್ತು.

ನಾವು ಅಧ್ಯಾಪಕರೂ ಕಚೇರಿಯವರೂ ಪಗಾರದ ದಿನ ಕೂಡಿ ಕೈಲಾದಷ್ಟು ಹಾಕಿದೆವು. ಸೂಪರಿಂಟೆಂಡೆಂಟರು ಎಲ್ಲರಿಗಿಂತ ಹೆಚ್ಚು ಹಾಕಿದರು. ಅದಕ್ಕೊಂದು ವಹಿ ಮಾಡಿದರು, ಮೊದಲ ಪುಟದಲ್ಲಿ ಮೊದಲ ತಿಂಗಳ ನಿಧಿ ಅಂತ ಬರೆದರು. ಬಡ್ಡಿಯಿಲ್ಲ. ಕೆಲಸ ಗಟ್ಟಿಯಾದ ಮೇಲೆ ತಮಗೆ ಆದಾಗ ಮರಳಿಸಬೇಕು, ಅದು ಮುಂದಿನವರಿಗೆ ಹೋಗುತ್ತದೆ. ಅವಳು ಹೋದಳು. ಆ ವರ್ಷದ ದೀಪಾವಳಿಗೆ ಊರಿಗೆ ಬಂದಾಗ ಪೂರ್ತಿ ಮರಳಿಸಿದಳು.

ಹನ್ನೊಂದನೇ ಯೋಜನೆ 2012ಕ್ಕೆ ಮುಗಿಯಿತು. ಆಮೇಲೆ ಆಯೋಗ ಬಿ.ವೋಕ್., ಕಮ್ಯುನಿಟಿ ಕಾಲೇಜು ಅಂತ ಬೇರೆ ಯೋಜನೆಗಳ ಕಡೆ ಹೊರಳಿತು. ನಮ್ಮ ಕೋರ್ಸು ಶುಲ್ಕದ ಮೇಲೆ ಕೆಲ ಕಾಲ ನಡೆದು ನಿಂತಿತು. ಬಡ ಮಕ್ಕಳ ಶುಲ್ಕದಿಂದ ಇಂಥದ್ದು ನಡೆಯುತ್ತದೆ ಅಂದುಕೊಳ್ಳುವುದೇ ತಪ್ಪು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಈಗ ದುಡ್ಡು ಮಕ್ಕಳ ಖಾತೆಗೇ ನೇರ ಬರುತ್ತದೆ, ಅದು ದೊಡ್ಡ ಬದಲಾವಣೆ. 2013ರ ಸುಮಾರಿಗೆ ವಿದ್ಯಾಸಿರಿ ಬಂತು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. 2021ರಲ್ಲಿ ರೈತ ವಿದ್ಯಾನಿಧಿ, ಬಿ.ಎಸ್ಸಿ. ಓದುವ ರೈತನ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500. ಅವು ಬಂದ ಮೇಲೆ ನಮ್ಮ ತರಗತಿಯಲ್ಲಿ ಕ್ರಾಸಿಂಗ್ ಕಾಲದ ಖಾಲಿ ಬೆಂಚು ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕೆಲಸ ಹುಡುಕುವ ಮನೆಗೆ ಅದು ಆಸರೆಯೇ. ಆದರೆ ಕೆಲಸ ಸಿಕ್ಕ ದಿನ ಅದು ನಿಲ್ಲುತ್ತದೆ, ನಮ್ಮ ಹಳ್ಳಿಯ ಹುಡುಗಿಗೆ ಅತಿ ಹೆಚ್ಚು ಖರ್ಚು ಬರುವುದು ಅದೇ ದಿನ. ದೂರದೂರಿಗೆ ಹೊರಟವರಿಗೆ ಇನ್ನೊಂದು ಎರಡು ತಿಂಗಳು ಅದನ್ನು ಮುಂದುವರಿಸಿದರೆ ಎಷ್ಟೋ ನೇಮಕಾತಿ ಪತ್ರಗಳು ಟ್ರಂಕಿನಲ್ಲಿ ಉಳಿಯುವುದಿಲ್ಲ. ಈ ಮಾತನ್ನು ಕೇಳಬೇಕಾದವರಿಗೆ ನಾನು ಬರೆದು ಕಳಿಸಿದ್ದೇನೆ, ಮತ್ತೆ ಬರೆಯುತ್ತೇನೆ.

ಆದ್ದರಿಂದ ನಿಮ್ಮ ಪ್ರಸ್ತಾವನೆಯಲ್ಲಿ ಯಂತ್ರದ ಪಟ್ಟಿಗೆ ಮೊದಲು ಬೆಳೆಯ ಕ್ಯಾಲೆಂಡರ್ ಬರೆಯಿರಿ. ಯಾವ ತಿಂಗಳು ಬಿತ್ತನೆ, ಯಾವ ತಿಂಗಳು ಕ್ರಾಸಿಂಗ್, ಯಾವ ತಿಂಗಳು ಮಕ್ಕಳ ಕೈ ಬಿಡುವು, ಕೊನೆಯ ಬಸ್ಸು ಎಷ್ಟಕ್ಕೆ. ಕ್ಷೇತ್ರ ಕಾರ್ಯಕ್ಕೆ ದೊಡ್ಡ ಪಾಲು ಕೇಳಿ. ಮೊದಲ ತಿಂಗಳ ಖರ್ಚು ಅಂತ ಒಂದು ಶೀರ್ಷಿಕೆ ಹಾಕಿಯೇ ಬಿಡಿ, ಹೊಡೆದುಹಾಕಿದರೆ ಹೊಡೆದುಹಾಕಲಿ, ಕೇಳಿದ್ದು ಕಡತದಲ್ಲಿ ಉಳಿಯುತ್ತದೆ. ಜರ್ಮಿನೇಟರ್ ಹೊಸದು ಬೇಡ, ನಮ್ಮದು ಇನ್ನೂ ನಡೆಯುತ್ತಿದೆ, ಥರ್ಮೋಸ್ಟ್ಯಾಟ್ ಒಂದು ಬದಲಿಸಿದರೆ ಸಾಕು. ಆ ಹುಡುಗಿ ಈಗ ಅಲ್ಲೇ ಪ್ರಯೋಗಾಲಯದ ಒಂದು ವಿಭಾಗ ನೋಡಿಕೊಳ್ಳುತ್ತಾಳೆ. ಹೋದ ವಾರ ಫೋನ್ ಮಾಡಿ, ಕೈಬರಹದಲ್ಲಿ ದಿನಚರಿ ಇಡಬಲ್ಲ ಇಬ್ಬರು ಬೇಕಾಗಿದ್ದಾರೆ ಮೇಡಂ, ಜೂನ್‌ಗೆ ಕಳಿಸ್ತೀರಾ ಅಂತ ಕೇಳಿದಳು. ಕೊನೆಯ ವರ್ಷದಲ್ಲಿ ಯಾರಿದ್ದಾರೆ ಹೇಳಿ. ನಿಧಿಯ ವಹಿಯಲ್ಲಿ ಸದ್ಯ ಒಬ್ಬರಿಗೆ ಸಾಲುವಷ್ಟು ಇದೆ, ಇನ್ನೊಬ್ಬರಿಗೆ ನಾವು ಕೂಡಿಸಬೇಕು.